ಕಡಜದ ಕುಲ ಹೇಳಿದ ಗಾಳೆವ್ವ

ಬಲು ಹಿಂದೆ, ಯಾವ ಕಾಲ ಅಂತ ಹೇಳುವವರು ಈಗ ಯಾರೂ ಉಳಿದಿಲ್ಲ, ಕರಿಮಣ್ಣಿನ ಸೀಮೆಯಲ್ಲಿ ಒಂದೂರು. ಆ ಊರಿಗೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಹೆಳವರ ಗಾಳೆವ್ವ ಬರುತ್ತಿದ್ದಳಂತೆ. ಹೆಳವರ ಕಸುಬು ನಿಮಗೆ ಗೊತ್ತಲ್ಲ. ಮನೆ ಮುಂದೆ ನಿಂತು ಆ ಮನೆಯವರ ಮುತ್ತಜ್ಜನ ಮುತ್ತಜ್ಜನವರೆಗೂ ಕುಲ ಹೇಳುವುದು, ಕಾಳು ಪಡೆದು ಮುಂದಿನೂರಿಗೆ ಹೋಗುವುದು. ಗಾಳೆವ್ವ ಮನುಷ್ಯರ ಕುಲ ಮುಗಿಸಿ ಹುಳುಗಳ ಕುಲವನ್ನೂ ಹೇಳುತ್ತಿದ್ದಳಂತೆ. ಅವಳು ಬಾಯಿ ತೆರೆದರೆ ಹಾರುವ ಕಡಜ ಗಾಳಿಯಲ್ಲೇ ನಿಂತು ತನ್ನಜ್ಜಿಯ ಸುದ್ದಿ ಕೇಳುತ್ತಿತ್ತು, ಅಂತಾರೆ.

ಕೇರಿಯ ಸಂಕವ್ವ ಇದನ್ನೆಲ್ಲ ನಂಬಿದವಳಲ್ಲ. ಗಂಡ ಸತ್ತವಳು. ಇದ್ದದ್ದು ಒಂದು ಪಟ್ಟಿ ತೊಗರಿ. ಅದು ಹೋದರೆ ಗೌಡನ ಮನೆಯ ಜೀತ. ಗೌಡನ ಕಾಳು ತಿಂದ ಹೆಳವರ ಬಾಯಲ್ಲಿ ಗೌಡನ ಮಾತೇ ಬರುತ್ತದೆ ಅಂತ ಅವಳ ಅನುಮಾನ. ಸುಳ್ಳು ಅನುಮಾನವೇನಲ್ಲ.

ಆ ವರ್ಷ ತೊಗರಿಗೆ ಕೀಡಿ ಬಿತ್ತು. ಕಾಯಿಯೊಳಗೆ ತಲೆ ತೂರಿಸಿ ಕಾಳು ತಿನ್ನುವ ಹಸಿರು ಹುಳು. ಜನ ಕಂಬಳಿ ಹಾಸಿ, ಗಿಡ ಝಾಡಿಸಿ, ಉದುರಿದ್ದನ್ನು ಸುಡುತ್ತಿದ್ದರು. ಕೆಲವು ಗಿಡದಲ್ಲಿ ಒಣಗಿ ಸತ್ತ ಕೀಡಿಯ ಪಕ್ಕ ಅಕ್ಕಿಕಾಳಿನಂಥ ಬಿಳಿ ಗೂಡು ಅಂಟಿರುತ್ತಿತ್ತು. ಕೀಡಿ ತತ್ತಿ ಇಟ್ಟು ಸತ್ತಿದೆ ಅಂತ ಊರಿಗೆ ಊರೇ ನಂಬಿತ್ತು. ಬಿಳಿಯದನ್ನು ಮೊದಲು ಸುಡಿ ಅಂತ ಗೌಡ ಡಂಗುರ ಹೊಡೆಸಿದ.

ಗಾಳೆವ್ವ ಚಾವಡಿ ಮುಂದೆ ಎತ್ತು ನಿಲ್ಲಿಸಿ, ಸುಡಬೇಡಿ ಅಂದಳಂತೆ. ಕೀಡಿ ಇನ್ನೂ ಕೂಸು, ಪತಂಗ ಆಗದೆ ಅದು ತತ್ತಿ ಇಡುವುದಿಲ್ಲ, ಈ ಗೂಡು ಕೀಡಿಯನ್ನು ಒಳಗಿಂದ ತಿಂದ ಕಡಜದ ಮರಿಯದ್ದು ಅಂದಳಂತೆ. ಗಂಟೆ ಬಾರಿಸಿ ಕುಲ ಹೇಳಿದಳಂತೆ. ಮೊದಲಿದ್ದವಳು ದಪ್ಪ ಸೊಂಟದವಳು, ಅವಳ ಮಕ್ಕಳು ಎಲೆ ತಿಂದವು. ಅವಳ ವಂಶದಲ್ಲೊಬ್ಬಳು ಮರ ಕೊರೆದು ತತ್ತಿ ಇಟ್ಟಳು. ಅವಳ ವಂಶದಲ್ಲೊಬ್ಬಳು ಮರದೊಳಗಿನ ಹುಳದ ಮೇಲೇ ತತ್ತಿ ಇಟ್ಟಳು, ಮರಿಗೆ ಆ ಹುಳವೇ ಅನ್ನವಾಯಿತು. ಆಮೇಲೆ ಸೊಂಟ ಸಣ್ಣದಾಯಿತು, ತತ್ತಿ ಇಡುವ ಸೂಜಿ ಬೇಕಾದ ಕಡೆ ತಿರುಗಿತು. ಮುಂದೆ ಕೆಲವರು ಆ ಸೂಜಿಯನ್ನೇ ಕೊಂಡಿ ಮಾಡಿಕೊಂಡರು. ಜೇನು ಅವರವಳು, ಇರುವೆ ಅವರವಳು. ಉಳಿದವರು ಹಳೆ ಕಸುಬು ಬಿಡಲಿಲ್ಲ, ಈ ಗೂಡಿನವಳು ಅವರ ಪೈಕಿ. ಎಲ್ಲರಿಗೂ ಅಜ್ಜಿ ಒಬ್ಬಳೇ.

ಗೌಡ ಮೊದಲು ನಕ್ಕ. ಆಮೇಲೆ ನಗು ನಿಂತಿತು.

"ಏ ಹೆಳವರಾಕಿ, ಇವತ್ತು ಜೇನಿಗೂ ಇರುವಿಗೂ ಒಬ್ಬಾಕೀನೇ ಅಜ್ಜಿ ಅಂತಿ. ನಾಳೆ ನನಗೂ ಕೇರಿಯವರಿಗೂ ಅಂತಿಯೇನು?"

"ಕೇಳಿದ್ರ ಅದನ್ನೂ ಹೇಳ್ತೀನ್ರಿ ಗೌಡ್ರ."

ಕೀಡಿಯಲ್ಲ, ಈ ಮಾತೇ ಗೌಡನನ್ನು ಕೊರೆದದ್ದು. ಹೇಳಿದ್ದೆಲ್ಲ ಸುಳ್ಳು ಅಂತ ಒಪ್ಪಿಕೊಂಡರೆ ಎತ್ತಿನ ಮೇಲೆ ಜೋಳ ಹೇರಿಸುತ್ತೇನೆ, ಇಲ್ಲವಾದರೆ ಈ ಊರಿಗೆ ಕಾಲಿಡಬೇಡ ಅಂದನಂತೆ. ಗಾಳೆವ್ವ ಎತ್ತು ತಿರುಗಿಸಿದಳು.

ಸಂಕವ್ವನಿಗೆ ಈಗ ಬೇರೆ ಅನುಮಾನ ಹತ್ತಿತು. ಸುಳ್ಳು ಹೇಳುವವರು ಕಾಳು ಬಿಟ್ಟು ಹೋಗುತ್ತಾರೆಯೇ? ಹಳ್ಳದ ಹತ್ತಿರ ಓಡಿ ಹೋಗಿ ಅಡ್ಡ ನಿಂತಳು.

"ಇದರಾಗ ನಿನಗೇನವ್ವಾ ಲಾಭ?"

"ನನ್ನ ನಂಬಬ್ಯಾಡ ತಂಗಿ. ಗೂಡು ಗಡಿಗ್ಯಾಗ ಇಟ್ಟು ಬಾಯಿಗೆ ತೆಳು ಅರಿವಿ ಕಟ್ಟು. ಏನು ಬರ್ತದೋ ನೀನೇ ನೋಡು. ಹಸರಗ ಮಿಂಚೋ ಗಿಡ್ಡಿ ಬಂದ್ರ ಮಾತ್ರ ಬಿಡಬ್ಯಾಡ. ಅಕಿನೂ ಇದೇ ಬಳ್ಳಿಯಾಕಿ, ಆದ್ರ ತನ್ನ ನೆಂಟರ ಹೊಟ್ಟಿಯಾಗೇ ತತ್ತಿ ಇಡ್ತಾಳ."

"ಹಂಗಾದ್ರ ಕುಲ ತಗೊಂಡು ಏನು ಮಾಡ್ಲಿ?"

"ಕುಲ ಕೇಳಿದ್ರ ನೆಂಟರು ಯಾರಂತ ತಿಳೀತದ. ನಂಬಬೇಕೋ ಬ್ಯಾಡೋ, ಮಾಡೋ ಕೆಲಸ ನೋಡು."

ಸಂಕವ್ವ ಸುಳ್ಳು ಹಿಡಿಯಲೆಂದೇ ಗಡಿಗೆ ಇಟ್ಟಳು. ಗೂಡು ಒಡೆಯಿತು. ಬಂದದ್ದು ಕೀಡಿಯಲ್ಲ; ನೂಲಿನಂಥ ಸೊಂಟದ ಕಡಜ. ಇನ್ನೊಂದು ಗೂಡಿನಿಂದ ಹಸಿರಾಗಿ ಮಿಂಚುವವಳೂ ಬಂದಳು. ಅವಳನ್ನು ಹೆಬ್ಬೆರಳಲ್ಲಿ ಹೊಸಕಿ ಹಾಕಿ, ಉಳಿದವರನ್ನು ಹೊಲಕ್ಕೆ ಬಿಟ್ಟಳು. ಕೇರಿಯ ಹೆಂಗಸರೂ ಗೌಡನ ಆಳುಗಳ ಕಣ್ಣು ತಪ್ಪಿಸಿ ಬಿಳಿ ಗೂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದರು. ಗೌಡನ ಹೊಲದಲ್ಲಿ ಒಂದು ಗೂಡೂ ಉಳಿಯಲಿಲ್ಲ, ಕೀಡಿ ಮಾತ್ರ ಉಳಿಯಿತು. ಕೇರಿಯ ತೊಗರಿ ಕಾಯಿ ತುಂಬಿತು. ಸಂಕವ್ವ ಜೀತಕ್ಕೆ ಹೋಗಲಿಲ್ಲ.

ಹೆಳವರಾಕಿ ಮಾಟ ಮಾಡಿ ಕೀಡಿ ಕಳಿಸಿದಳು ಅಂತ ಗೌಡ ಊರೆಲ್ಲ ಹೇಳಿಸಿದ. ಆಮೇಲೆ ಗಾಳೆವ್ವನನ್ನು ಯಾರೂ ಕಾಣಲಿಲ್ಲ. ಎತ್ತೊಂದೇ, ಗಂಟೆ ಸದ್ದು ಮಾಡುತ್ತ, ಹಳ್ಳ ದಾಟಿ ಬಂತು, ಅಂತಾರೆ. ಅವಳು ಕಡಜವಾಗಿ ಹಾರಿಹೋದಳು, ಅಂತಾರೆ. ಹಾಗೆ ಹೇಳುವುದು ಸುಲಭ. ಆ ಹೊತ್ತು ಗೌಡನ ಆಳುಗಳು ಎಲ್ಲಿದ್ದರು ಅಂತ ಒಬ್ಬರೂ ಕೇಳಲಿಲ್ಲ.

ಇವತ್ತಿಗೂ ಆ ಕೇರಿಯಲ್ಲಿ ಬಿಳಿ ಗೂಡು ಸಿಕ್ಕರೆ ಗಡಿಗೆಯಲ್ಲಿಟ್ಟು ಅರಿವೆ ಕಟ್ಟುತ್ತಾರೆ. ಗೂಡು ಒಡೆದಾಗ ಗಂಟೆ ಬಾರಿಸಿ, "ಯಾರ ಮಗಳವ್ವಾ ನೀನು?" ಅಂತ ಕೇಳಿ, ಸೊಂಟ ನೋಡಿ, ಬಣ್ಣ ನೋಡಿ, ಆಮೇಲೇ ಬಿಡುತ್ತಾರೆ. ಆ ಮಾತನ್ನು ಅಲ್ಲಿ ಕಡಜವನ್ನು ಮಾತ್ರ ಕೇಳುತ್ತಾರೆ. ನೀರು ಕೇಳಿ ಬಾಗಿಲಿಗೆ ಬಂದ ಮನುಷ್ಯರನ್ನು ಕೇಳುವುದಿಲ್ಲ.