ನೀಲವ್ವನ ಹತ್ತು ಹೊನ್ನು

"ಕೇಳ್ರಪ್ಪೋ ಕೇಳ್ರಿ! ಸಿರಿಗಲ್ಲಿನ ವೀರಕೇತ ಮಹಾರಾಜರ ಅಪ್ಪಣೆ! ರಾಜಕುಮಾರಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಬೊಕ್ಕಸದ ಬೀಗದ ಕೈ, ರಾಜಕುಮಾರಿಯೊಡನೆ ಮದುವೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಹಿಂದೆಯಾದರೆ ಊರೇ ಕುಣಿದಾಡುತ್ತಿತ್ತು. ಈಗ ಯಾರಿಗೂ ಮನಸ್ಸಿಲ್ಲ. ಊರಿನ ದುಡ್ಡೆಲ್ಲ ಆ ಬೊಕ್ಕಸದಲ್ಲೇ ಸಿಕ್ಕಿಕೊಂಡಿತ್ತಲ್ಲ! ಐದು ವರ್ಷದ ಹಿಂದೆ ರಾಜ, "ಹತ್ತು ಹೊನ್ನು ಇಡಿ, ನಮ್ಮ ಹಡಗುಗಳು ದುಡಿಯುತ್ತವೆ, ವರ್ಷಕ್ಕೆ ಎರಡು ಹೊನ್ನು ಲಾಭ ಒಯ್ಯಿರಿ" ಎಂದಿದ್ದ. ಜನ ಮುಗಿಬಿದ್ದು ಇಟ್ಟರು. ಹಡಗು ಮುಳುಗಿದವಂತೆ ಎಂಬ ಸುದ್ದಿ ಬಂದ ಬೆಳಿಗ್ಗೆ, ಮುಗಿಬಿದ್ದೇ ವಾಪಸು ಕೇಳಲು ಓಡಿದರು. ಆ ನೂಕುನುಗ್ಗಲಲ್ಲಿ ಕೌದಿ ಹೊಲಿಯುವ ನೀಲವ್ವ ಬೊಕ್ಕಸದ ಹೊಸ್ತಿಲ ಮೇಲೆ ಬಿದ್ದು, ಕಾಲ್ತುಳಿತಕ್ಕೆ ಸಿಕ್ಕಿ ಸತ್ತಳು. ಪಾಪ, ಯಾರ ತಂಟೆಗೂ ಹೋದ ಹೆಂಗಸಲ್ಲ.

ಅವಳ ಮಗ ಹುಚ್ಚೀರ ಪಾತ್ರೆಗಳಿಗೆ ಕಲಾಯಿ ಹಾಕುವವನು. ಡಂಗುರ ಕೇಳಿದವನೇ ಎದ್ದು ನಿಂತ. ಅಕ್ಕ ಬಾಳವ್ವ ಅಡ್ಡ ಬಂದಳು.

"ಅವ್ವನ್ನ ಮಣ್ಣು ಮಾಡಿ ತಿಂಗಳಾಗಿಲ್ಲ. ನೀನೂ ಹೋಗಬೇಕಂತೀ ಏನು?"

"ಇಪ್ಪತ್ತು ವರ್ಷ ಸೂಜಿ ಹಿಡಿದು ಕೂಡಿಟ್ಟಿದ್ದು ಹತ್ತೇ ಹತ್ತು ಹೊನ್ನು, ಯಕ್ಕಾ. ಅದಕ್ಕಾಗೇ ಜೀವ ಬಿಟ್ಟಳು. ಅಕಿ ದುಡ್ಡು ನಾ ತಂದೇ ತರ್ತೀನಿ."

ಅರಮನೆಯ ಅಂಗಳದಲ್ಲಿ ಆಗಲೇ ಇಬ್ಬರು ನಿಂತಿದ್ದರು: ಸರದಾರನ ಮಗ ಒಬ್ಬ, ಜವಳಿ ವರ್ತಕನ ಮಗ ಒಬ್ಬ. ರಾಜಕುಮಾರಿ ಚಂದಲೆ ನಗಲಿಲ್ಲ, ಕೂರಲೂ ಇಲ್ಲ. ಬೊಕ್ಕಸ ತೆರೆಯಿರಿ ಎಂದು ಹಟ ಹಿಡಿದವಳು ಅವಳೇ. ಒಗಟು ಬಿಡಿಸಿದವನಿಗೆ ಬೀಗದ ಕೈ ಕೊಡುತ್ತೇನೆ ಎಂದು ರಾಜ ಕುಲದೇವರ ಮೇಲೆ ಆಣೆ ಮಾಡಿದ್ದ. ತಲೆಯ ಶರತ್ತು ಮಾತ್ರ ಅವನದು.

"ಒಬ್ಬೊಬ್ಬರೇ ಬಂದರೆ ಊರಿಗೆಲ್ಲ ಸಾಕಾಗುತ್ತದೆ. ಊರೆಲ್ಲ ಒಟ್ಟಿಗೆ ಬಂದರೆ ಒಬ್ಬರಿಗೂ ಸಾಲುವುದಿಲ್ಲ. ಏನದು?"

"ಬಾವಿ!" ಎಂದ ಸರದಾರನ ಮಗ, ಮೀಸೆ ತಿರುವುತ್ತ.

"ಬಾವಿಯಾದರೆ ಮೊದಲು ಬಂದವರಿಗಾದರೂ ನೀರು ಸಿಗುತ್ತದೆ," ಎಂದಳು ಚಂದಲೆ, ಸಣ್ಣ ದನಿಯಲ್ಲಿ. ಭಟರು ಅವನನ್ನು ಎಳೆದೊಯ್ದರು. ದುಡ್ಡು ಕೇಳುವವರಲ್ಲಿ ಒಬ್ಬ ಕಡಿಮೆಯಾದ ಎಂದು ರಾಜ ಎಲೆ ಅಡಿಕೆ ಬಾಯಿಗಿಟ್ಟ. ಎಂಥಾ ರಾಜನಪ್ಪಾ!

ವರ್ತಕನ ಮಗ ಎರಡು ಹೆಜ್ಜೆ ಹಿಂದೆ ಸರಿದ. ಹುಚ್ಚೀರ ಮುಂದೆ ಬಂದ. "ಅದು ಬಾಗಿಲ್ರೀ, ದೊರೆಸಾನಿ. ನಿಮ್ಮ ಬೊಕ್ಕಸದ ಬಾಗಿಲಿನ್ಯಾಗ ನಮ್ಮವ್ವ ಸತ್ತಳು. ಸಾಲಾಗಿ ಬಂದಿದ್ದರ ಎಲ್ಲಾರೂ ಒಳಗ ಹೋಗಬಹುದಿತ್ತು."

ಚಂದಲೆ ತಲೆಯಾಡಿಸಿ ಎರಡನೆಯದನ್ನು ಕೇಳಿದಳು. "ಸಿರಿವಂತರ ಮನೆಯಲ್ಲಿ ಇರುವುದಿಲ್ಲ, ಬಡವಿಯ ಮನೆಯಲ್ಲಿ ಇರುತ್ತದೆ. ದಿನವೂ ತೆಗೆದಿಟ್ಟರೂ ಉಣ್ಣುವವರಿಗೆ ಕಡಿಮೆ ಬಿದ್ದದ್ದು ತಿಳಿಯುವುದಿಲ್ಲ. ಎಷ್ಟಿತ್ತು ಎನ್ನುವುದು ಕೆಟ್ಟ ದಿನ ಬಂದಾಗಲೇ ಗೊತ್ತಾಗುತ್ತದೆ."

ಈ ಸಲ ವರ್ತಕನ ಮಗ ಮೊದಲು ಹೇಳಬೇಕಿತ್ತು. "ಪುಣ್ಯ," ಎಂದ, ಬೆವರೊರೆಸಿಕೊಳ್ಳುತ್ತ.

"ಸಿರಿವಂತರಲ್ಲೂ ಪುಣ್ಯವಂತರು ಇದ್ದಾರಲ್ಲ," ಎಂದಳು ಚಂದಲೆ. ಅವನು ಕೈಮುಗಿದು ಅಳುತ್ತಲೇ ಹೋದ. ಅವನೂ ಒಬ್ಬ ತಾಯಿಯ ಮಗನೇ.

"ಹಿಡಿಯಕ್ಕಿ," ಎಂದ ಹುಚ್ಚೀರ. "ಅನ್ನಕ್ಕ ಅಕ್ಕಿ ತೊಳಿಯೂ ಮುಂಚೆ ಅವ್ವ ಒಂದು ಹಿಡಿ ತೆಗೆದು ಬ್ಯಾರೆ ಗಡಿಗ್ಯಾಗ ಹಾಕತಿದ್ದಳು. ನಾವು ಗೇಲಿ ಮಾಡತಿದ್ದಿವಿ. ಅಕಿ ಹೋದ ಮ್ಯಾಲೆ ಹದಿನೈದು ದಿನ ಅದನ್ನ ಉಂಡೇವ್ರೀ. ಹೊನ್ನನ್ನೂ ಹಂಗ ಒಂದಿಷ್ಟು ಮನ್ಯಾಗ ಇಟ್ಟುಕೊಂಡಿದ್ದರ..."

ಮೂರನೆಯದನ್ನು ಕೇಳುವ ಮುಂಚೆ ಚಂದಲೆ ಅಪ್ಪನ ಕಡೆ ಒಮ್ಮೆ ನೋಡಿದಳು. "ಊರಿನ ಹೊನ್ನೆಲ್ಲ ಅರಮನೆಗೆ ಬಂತು. ಈಗ ಅರಮನೆಯಲ್ಲಿ ಚೂರುಪಾರು ಮಾತ್ರ ಉಳಿದಿದೆ. ಕಳ್ಳ ಕದಿಯಲಿಲ್ಲ, ಕಡಲು ನುಂಗಲಿಲ್ಲ. ಮಿಕ್ಕದ್ದು ಎಲ್ಲಿ ಹೋಯಿತು?"

ರಾಜ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಕಡಲು ನುಂಗಲಿಲ್ಲ ಎಂದಮೇಲೆ ಹಡಗಿನ ಕತೆ ಸುಳ್ಳಾಯಿತಲ್ಲ! ಹುಚ್ಚೀರನಿಗೆ ಅಕ್ಕನ ಮದುವೆ ನೆನಪಾಯಿತು. ಕಾಲುಂಗುರ, ಸೀರೆ, ಐವತ್ತು ಜನರ ಊಟ, ಎಲ್ಲ ಬೊಕ್ಕಸದ ಲಾಭದಿಂದಲೇ ಆಗಿತ್ತು. ಹಡಗೇ ದುಡಿಯದಿದ್ದರೆ ಆ ಲಾಭ ಯಾರದು?

"ನಮ್ಮ ಮನಿಗೇ ಬಂತು, ದೊರೆಸಾನಿ," ಎಂದ ಕಡೆಗೆ. "ಆಮೇಲೆ ಬಂದವರ ಗಂಟು ಬಿಚ್ಚಿ ಮೊದಲು ಬಂದವರಿಗೆ ಲಾಭ ಅಂತ ಕೊಟ್ಟರು. ಮಂದಿ ದುಡ್ಡಿನ್ಯಾಗ ನಾವು ಮದುವಿ ಮಾಡಿದಿವಿ. ಗೊತ್ತಿರಲಿಲ್ರೀ, ಖರೇನ ಗೊತ್ತಿರಲಿಲ್ಲ."

"ಕಡಿಯಿರಿ ಇವನ ತಲೆ!" ಎಂದು ರಾಜ ಎದ್ದ.

"ಉತ್ತರ ಸರಿಯಾಗಿದೆ, ಅಪ್ಪಾಜಿ. ಆಣೆ ನಿಮ್ಮದು," ಎಂದಳು ಚಂದಲೆ. ಅಂಗಳದ ತುಂಬ ಜನ. ಎಲ್ಲರ ಕಣ್ಣೂ ರಾಜನ ಮೇಲೆ. ರಾಜ ಸೊಂಟದ ಬೀಗದ ಕೈ ಬಿಚ್ಚಿ ನೆಲಕ್ಕೆ ಎಸೆದು ಒಳಗೆ ಹೋದ.

ಬೀಗದ ಕೈಯೇನೋ ಬಂತು. ಮದುವೆಯ ಮಾತು ಬಂದಾಗ ಹುಚ್ಚೀರ, ಮನೆಯಲ್ಲಿ ಸಾವಾಗಿದೆ, ಈಗ ಬೇಡ ಎಂದ. ಮರುದಿನದಿಂದ ಬೊಕ್ಕಸದ ಮುಂದೆ ಕುಳಿತ. ಒಳಗೆ ಉಳಿದಿದ್ದ ಅಷ್ಟಿಷ್ಟು ಹೊನ್ನನ್ನು ಹಂಚಲು ಅವನದೊಂದು ಲೆಕ್ಕ: ಇಟ್ಟದ್ದರಲ್ಲಿ ಒಯ್ದ ಲಾಭ ಕಳೆಯಬೇಕು, ಉಳಿದದ್ದಕ್ಕೆ ಹೊನ್ನಿಗೆ ಕಾಲು ಹೊನ್ನು, ಎಲ್ಲರಿಗೂ ಒಂದೇ ನ್ಯಾಯ, ಸಾಲು ಬಿಟ್ಟು ಬಂದವರಿಗೆ ಇಲ್ಲ. ಕೆಲವರು ಹರಸಿದರು, ಕೆಲವರು ಬಾಯಿಗೆ ಬಂದಂತೆ ಬೈದರು. ಕಾಲು ಪಾಲಾದರೂ ಮನೆಮನೆಯಲ್ಲಿ ಒಲೆ ಹತ್ತಿತು.

ಮೂರನೆಯ ದಿನ ಬೊಕ್ಕಸದ ಕರಣಿಕ ಲೆಕ್ಕದ ಕಡತದಿಂದ ಓದಿದ: "ಕೌದಿ ನೀಲವ್ವ. ಇಟ್ಟದ್ದು ಹತ್ತು. ಐದು ವರ್ಷದಲ್ಲಿ ಒಯ್ದದ್ದು ಹತ್ತು."

ಸಾಲಿನಲ್ಲಿದ್ದ ಬಾಳವ್ವ ತಮ್ಮನ ಮುಖ ನೋಡಿದಳು. ಕರಣಿಕ ಬಗ್ಗಿ, "ನಿಮ್ಮ ತಾಯಿಯದ್ದು ಒಡೆಯಾ, ಏನಾದರೂ ಮಾಡಬಹುದು," ಎಂದು ಪಿಸುಗುಟ್ಟಿದ.

"ಏನೂ ಬರೂದಿಲ್ಲ ಅಕಿಗೆ," ಎಂದ ಹುಚ್ಚೀರ. "ಆವತ್ತೂ ಏನೂ ಬರೂದಿರಲಿಲ್ಲ, ಯಕ್ಕಾ. ಸುಮ್ಮನ ಮನ್ಯಾಗ ಕುಂತಿದ್ದರೂ ಆಗತಿತ್ತು."

ಅಕ್ಕ ಸಾಲು ಬಿಟ್ಟು ಪಕ್ಕಕ್ಕೆ ಸರಿದಳು. ಅವನು ಅವ್ವನ ಹೆಸರಿನ ಮೇಲೆ ಗೀಟು ಎಳೆದ, ಕಣ್ಣೊರೆಸಿಕೊಂಡು ಮುಂದಿನವರನ್ನು ಕರೆದ.