ಬೆನ್ನ ಹಿಂದಿನ ಹಗ್ಗ

“ಅಮ್ಮಾ, ನಾಳೆಯಿಂದ ನಾನು ಯಾರ ಮುಖ ನೋಡಲಿ?” ಎಂದು ಶಿಷ್ಯೆ ಕೇಳಿದಳು.

ಗುರುಮಾತೆ ಅವಳನ್ನು ಹೊಳೆಯಾಚೆಯ ಊರಿಗೆ ಕಳುಹಿಸುವವರಿದ್ದರು. ಅಲ್ಲೊಂದು ಹೊಸ ಆಶ್ರಮ. ಮಕ್ಕಳಿಗೆ ಪಾಠ ಹೇಳಬೇಕು, ನೊಂದು ಬಂದವರಿಗೆ ನಾಲ್ಕು ಮಾತು ಹೇಳಬೇಕು. ಶಿಷ್ಯೆಯ ಬಟ್ಟೆಯ ಗಂಟು ಕಟ್ಟಿ ಆಗಿತ್ತು. ಕಾಲು ಮಾತ್ರ ಏಳುತ್ತಿರಲಿಲ್ಲ.

“ಇಲ್ಲಿ ಏನು ಮಾಡಿದರೂ ಮೊದಲು ನಿಮ್ಮ ಮುಖ ನೋಡುತ್ತೇನೆ. ನಕ್ಕರೆ ಸರಿ. ಹುಬ್ಬು ಏರಿದರೆ ತಪ್ಪು. ಅಲ್ಲಿ ನೀವಿರುವುದಿಲ್ಲ. ನಾನು ಎಡವಿದರೆ ಹೇಳುವವರು ಯಾರು?”

ಗುರುಮಾತೆ ಅವರೆಕಾಯಿ ಸುಲಿಯುತ್ತಿದ್ದರು. ಮೊರವನ್ನು ಬದಿಗೆ ಸರಿಸಿದರು.

“ಕೂತುಕೋ. ಒಬ್ಬ ಸೊಸೆಯ ಕತೆ ಹೇಳುತ್ತೇನೆ.”

ಒಂದು ಅಳಿವೆಯ ಊರು. ಹೊಳೆ ಹೋಗಿ ಕಡಲು ಸೇರುವ ಬಾಯಿಗೆ ಅಳಿವೆ ಅನ್ನುತ್ತಾರಲ್ಲ, ಅಲ್ಲಿಯ ಊರು. ಅಲ್ಲೊಂದು ಮೀನುಗಾರರ ಮನೆ. ಅತ್ತೆ, ಮಗ, ಸೊಸೆ ಮೂರೇ ಜನ. ಮಳೆಗಾಲದಲ್ಲಿ ಆ ಊರಿನ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ನೂಲ ಹುಣ್ಣಿಮೆ ಬರಬೇಕು, ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡಬೇಕು, ಆಮೇಲೆ ಇಳಿಯುವುದು.

ಆ ಊರಿಗೆ ಇನ್ನೊಂದು ಕಟ್ಟಳೆ ಇತ್ತು. ದೋಣಿಯಲ್ಲಿ ಕೂತವರು ಕಡಲಿಗೆ ಮುಖ ಮಾಡಿ ಹೋಗುತ್ತಾರೆ. ಎಲ್ಲರೂ ಹೀಗೆ ಬೆನ್ನು ಹಾಕಿದರೆ ದಡಕ್ಕೆ ಮುನಿಸು ಬರುತ್ತದೆ, ಹೋದವರನ್ನು ಅದು ಮತ್ತೆ ಕರೆಯುವುದಿಲ್ಲ. ಹಾಗಾಗಿ ಆ ಹುಣ್ಣಿಮೆಯ ದಿನ ಪ್ರತಿ ದೋಣಿಯ ಮನೆಯ ಒಬ್ಬ ಹೆಂಗಸು ದಡವನ್ನು ನೋಡುತ್ತಲೇ ಅಳಿವೆ ದಾಟಬೇಕು. ಹೇಗೆ ಅಂದರೆ, ದೋಣಿಯ ಹಿಂದೆ ಉದ್ದದ ಹಗ್ಗ. ಹಗ್ಗದ ತುದಿಗೆ ಒಂದು ಹಿಡಿಕೋಲು. ಕಾಲಡಿಗೆ ಒಂದು ಹಲಗೆ. ಯಂತ್ರದ ದೋಣಿ ಓಡಿದ ಹಾಗೆ ಹಲಗೆ ನೀರಿನ ಮೇಲೆ ಜಾರುತ್ತದೆ. ಅವಳು ಅದರ ಮೇಲೆ ನಿಂತು ದೋಣಿಗೆ ಬೆನ್ನು ತಿರುಗಿಸಬೇಕು. ಹಿಡಿಕೋಲನ್ನು ಒಂದು ಕೈಯಿಂದ ಸೊಂಟದ ಹಿಂದೆ ಒತ್ತಿ ಹಿಡಿಯಬೇಕು. ಇನ್ನೊಂದು ಕೈಯಿಂದ ದಡದ ಕಡೆಗೆ ಹೂ ಎರಚುತ್ತ ಹೋಗಬೇಕು. ನಡುವೆ ಬಿದ್ದಳೋ, ದೋಣಿ ವಾಪಸು. ಮುಂದಿನ ಹುಣ್ಣಿಮೆಯವರೆಗೆ ಅದು ಗೂಟದಲ್ಲೇ. ಊರಿಗೆಲ್ಲ ಮೀನು ಬರುವ ತಿಂಗಳಲ್ಲಿ ಆ ಮನೆಯ ಒಲೆಯಲ್ಲಿ ಬೆಕ್ಕು ಮಲಗುತ್ತದೆ.

ಮದುವೆಯಾಗಿ ಬಂದ ವರ್ಷದಿಂದ ಅತ್ತೆಯೇ ಈ ಕೆಲಸ ಮಾಡಿದವಳು. ಒಮ್ಮೆಯೂ ಬಿದ್ದವಳಲ್ಲ. ಆ ವರ್ಷ ಅವಳ ಮಂಡಿ ಊದಿಕೊಂಡಿತು. ಇನ್ನುಳಿದವಳು ಸೊಸೆ. ಅವಳೋ ಜೋಳದ ಸೀಮೆಯ ಹುಡುಗಿ. ಬಾವಿಯ ನೀರು ಬಿಟ್ಟರೆ ಬೇರೆ ನೀರು ಕಂಡವಳಲ್ಲ. ನೆರೆಮನೆಯವಳು ಬೇಲಿಯ ಆಚೆಯಿಂದಲೇ, “ಈ ಸಲ ನಿಮ್ಮ ದೋಣಿಗೆ ಗೂಟ ಗಟ್ಟಿಯದು ಹುಡುಕಿ ಇಟ್ಟುಕೊಳ್ಳಿ,” ಎಂದಳು. ಸೊಸೆಗೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು.

ಅಳಿವೆಯ ಒಳಗಿನ ಹೊಳೆಯಲ್ಲೇ ಅಭ್ಯಾಸ ನಡೆಯಿತು. ದೋಣಿಗೆ ಎದುರಾಗಿ ನಿಲ್ಲುವುದನ್ನು ಅವಳು ಬೇಗ ಕಲಿತಳು. ಗಂಡ ದೋಣಿ ನಡೆಸುತ್ತಿದ್ದ. ಅತ್ತೆ ದೋಣಿಯ ಹಿಂಬದಿಯಲ್ಲಿ ಇವಳಿಗೆ ಮುಖ ಮಾಡಿ ಕೂರುತ್ತಿದ್ದಳು. ದೋಣಿ ಅಲೆ ಹತ್ತಿದರೆ ಅತ್ತೆಯ ಹುಬ್ಬು ಏರುತ್ತಿತ್ತು. ಸೊಸೆ ಮಂಡಿ ಬಗ್ಗಿಸುತ್ತಿದ್ದಳು. ದೋಣಿ ತಿರುಗುವುದಾದರೆ ಅತ್ತೆಯ ಗಲ್ಲ ಆ ಕಡೆಗೆ ವಾಲುತ್ತಿತ್ತು. ಸೊಸೆಯೂ ವಾಲುತ್ತಿದ್ದಳು. ನೋಡಿದವರು, ಹುಟ್ಟಿದ್ದೇ ನೀರಲ್ಲಿ ಅನ್ನಬೇಕು, ಹಾಗೆ ನಿಲ್ಲುತ್ತಿದ್ದಳು.

ಬೆನ್ನು ತಿರುಗಿಸಿದ ದಿನ ಎಲ್ಲ ಕೆಟ್ಟಿತು.

ತಿರುಗಿದ ಕೂಡಲೇ ಅವಳಿಗೆ ಅತ್ತೆಯ ಮುಖ ಬೇಕಾಯಿತು. ಕುತ್ತಿಗೆ ಹೊರಳಿತು. ಕುತ್ತಿಗೆಯ ಹಿಂದೆ ಭುಜ ಹೋಯಿತು. ಭುಜದ ಹಿಂದೆ ಕೈ ಹೋಯಿತು. ಹಿಡಿಕೋಲು ಸೊಂಟ ಬಿಟ್ಟಿತು, ಹಲಗೆ ಮಗುಚಿತು. ಬಾಯಿ ತುಂಬ ಉಪ್ಪುನೀರು ಕುಡಿದು ಎದ್ದಳು. ಮತ್ತೆ ನಿಂತಳು, ಮತ್ತೆ ಹೊರಳಿದಳು, ಮತ್ತೆ ಕುಡಿದಳು.

“ಏನಿದೆ ಮಾರಾಯ್ತಿ ಹಿಂದೆ ನೋಡುವುದಕ್ಕೆ? ನನ್ನ ಮುಖ ಎಲ್ಲಿಗಾದರೂ ಓಡಿಹೋಗುತ್ತದೆಯಾ?” ಎಂದು ಅತ್ತೆ ಕೂಗಿದಳು.

“ನಿಮ್ಮ ಮುಖ ಕಾಣದೆ ನನಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ ಅತ್ತೆ. ನೀವು ಬಾಯಿಬಿಟ್ಟು ಹೇಳುತ್ತಿರಿ, ನಾನು ನಿಲ್ಲುತ್ತೇನೆ.”

ಅತ್ತೆ ಗಂಟಲು ಹರಿದುಕೊಂಡು ಹೇಳಿದಳು. ಯಂತ್ರದ ಸದ್ದಿನಲ್ಲಿ ಅರ್ಧ ಮಾತು ಕರಗಿತು. ಉಳಿದರ್ಧ ಬಂದು ಮುಟ್ಟುವಷ್ಟರಲ್ಲಿ ಅಲೆ ಬಂದಾಗಿತ್ತು. ಸೊಸೆ ಮತ್ತೆ ನೀರಿನಲ್ಲಿ.

ಅಂದು ಅತ್ತೆ ಬೈಯಲಿಲ್ಲ. ಮನೆಗೆ ಬಂದು ಅಂಗಳದಲ್ಲಿ ಚಾಪೆ ಹಾಸಿದಳು. ಹರಿದ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು, ಒಂದು ತುಂಡು ಹಗ್ಗವನ್ನು ತನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡಳು. ಇನ್ನೊಂದು ತುದಿಯನ್ನು ಸೊಸೆಯ ಕೈಗೆ ಕೊಟ್ಟಳು.

“ನನಗೆ ಬೆನ್ನು ಹಾಕಿ ಕೂತುಕೋ. ಹಗ್ಗವನ್ನು ಸೊಂಟಕ್ಕೆ ಒತ್ತಿ ಹಿಡಿದುಕೋ. ಇನ್ನೊಂದು ಕೈಯಲ್ಲಿ ಅಕ್ಕಿಯ ಕಲ್ಲು ಆರಿಸು. ನಾನು ಏನು ಮಾಡುತ್ತಿದ್ದೇನೆ ಹೇಳು.”

ಮೊದಲ ಸಂಜೆ ಸೊಸೆಗೆ ಏನೂ ತಿಳಿಯಲಿಲ್ಲ. ಕಲ್ಲೂ ಸಿಗಲಿಲ್ಲ, ಎಲ್ಲರೂ ಕಲ್ಲು ಅಗಿದೇ ಉಂಡರು. ಗಂಡ ಬಾಯಿಂದ ಕಲ್ಲು ತೆಗೆದು ತಾಯಿಯ ಕಡೆಗೂ ಹೆಂಡತಿಯ ಕಡೆಗೂ ನೋಡಿ, ಉಂಡು ಎದ್ದ. ಸಂಜೆಗಳು ಕಳೆದವು. ಹಗ್ಗ ಸಣ್ಣಗೆ ನಡುಗಿದರೆ ಅತ್ತೆ ಗಂಟು ಬಿಗಿಯುತ್ತಿದ್ದಾಳೆ. ಒಮ್ಮೆಗೇ ಜಗ್ಗಿದರೆ ಮಂಡಿ ನೋಯುತ್ತಿದೆ, ಕಾಲು ಚಾಚುತ್ತಿದ್ದಾಳೆ. ಬರಬರುತ್ತ ಸೊಸೆಗೆ ಹಗ್ಗದ ಮಾತು ಕೇಳತೊಡಗಿತು. ಒಂದು ಸಂಜೆ ಹಗ್ಗ ಮೆಲ್ಲಮೆಲ್ಲಗೆ ಜೋತುಬಿತ್ತು. ಸೊಸೆ ಅಕ್ಕಿಯಿಂದ ತಲೆ ಎತ್ತದೆ ಹೇಳಿದಳು:

“ಅತ್ತೆ, ತೂಕಡಿಸಬೇಡಿ. ಸೂಜಿ ಚುಚ್ಚೀತು.”

ಅತ್ತೆ ಬೆಚ್ಚಿ ಕಣ್ಣು ಬಿಟ್ಟಳು. “ಹಾಳಾದವಳೇ, ಇನ್ನು ಈ ಮನೆಯಲ್ಲಿ ನೆಮ್ಮದಿಯಾಗಿ ಒಂದು ನಿದ್ದೆಯೂ ಇಲ್ಲವಲ್ಲ!” ಎಂದು ನಕ್ಕಳು. ಮರುದಿನ ಮತ್ತೆ ಹಲಗೆ ನೀರಿಗೆ ಬಿತ್ತು. ಸೊಸೆ ತಿರುಗಿ ನಿಂತಳು. ಒಂದಿಷ್ಟು ದೂರ ಹೋದಳು. ಆದರೂ ದೊಡ್ಡ ಅಲೆ ಬಂದಾಗ ಕುತ್ತಿಗೆ ಹೊರಳಿಯೇ ಹೊರಳುತ್ತಿತ್ತು. ಅತ್ತೆ ಅಲ್ಲಿ ಕೂತಿದ್ದಾಳೆ ಎಂಬುದು ಅವಳಿಗೆ ಗೊತ್ತಿತ್ತಲ್ಲ.

ಹುಣ್ಣಿಮೆ ಬಂತು. ಹಾಲೆರೆದು ಆಯಿತು, ಕಾಯಿ ಬಿಟ್ಟು ಆಯಿತು. ಊರೆಲ್ಲ ದಡದಲ್ಲಿ ನಿಂತಿತ್ತು. ಸೊಸೆ ಸೊಂಟಕ್ಕೆ ಹೂವಿನ ಚೀಲ ಕಟ್ಟಿಕೊಂಡು ಹಲಗೆಯ ಮೇಲೆ ಕೂತಳು. ಯಂತ್ರ ಗುಡುಗಿತು. ಹಗ್ಗ ಬಿಗಿಯಿತು, ಅವಳು ಎದ್ದು ನಿಂತಳು. ನಿಂತು ದೋಣಿಯ ಕಡೆ ನೋಡಿದರೆ ಅತ್ತೆ ಕೂರುವ ಜಾಗದಲ್ಲಿ ಅತ್ತೆಯಿಲ್ಲ. ಒಂದು ತೆಂಗಿನಕಾಯಿ ಅತ್ತಿತ್ತ ಉರುಳಾಡುತ್ತಿತ್ತು.

 ಅಷ್ಟರಲ್ಲಿ, ಇಲ್ಲಿ ತಿರುಗಲೇಬೇಕು ಎಂದು ಊರವರು ನೀರಿನಲ್ಲಿ ನೆಟ್ಟ ಗುರುತಿನ ಕಲ್ಲು ಹತ್ತಿರ ಬಂತು. ತಿರುಗಿದಳು.

ತಿರುಗಿದರೆ ಎದುರಿಗೇ ಅತ್ತೆ! ದಡದ ಹೆಂಗಸರ ನಡುವೆ ಕೋಲೂರಿ ನಿಂತಿದ್ದಾಳೆ. ಸೊಸೆಗೆ ಹೋದ ಜೀವ ಬಂದಂತಾಯಿತು. ಹೂ ಎರಚುವುದನ್ನೂ ಮರೆತು ಆ ಮುಖವನ್ನೇ ಹುಡುಕಿದಳು. ಹುಬ್ಬು ಏರಿದೆಯಾ, ಇಳಿದಿದೆಯಾ? ದಡ ದೂರವಾಗುತ್ತಿತ್ತು. ಮುಖ ಚಿಕ್ಕದಾಗುತ್ತಿತ್ತು. ಕಾಲಡಿಯ ಹಲಗೆ ನಡುಗತೊಡಗಿತು.

ಆಗ ಅತ್ತೆ ಒಂದು ಕೆಲಸ ಮಾಡಿದಳು. ಊರೆಲ್ಲ ನೋಡುತ್ತಿದ್ದ ಹಾಗೆ, ಕೋಲೂರಿಕೊಂಡು ನಿಧಾನವಾಗಿ ತಿರುಗಿ, ಸೊಸೆಗೆ ಬೆನ್ನು ಹಾಕಿ ಮರಳಿನ ಮೇಲೆ ಕೂತುಬಿಟ್ಟಳು.

ಸೊಸೆಗೆ ಈಗ ನೋಡುವುದಕ್ಕೆ ಮುಖ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅವಳಿಗೆ ಉಳಿದದ್ದು ಸೊಂಟಕ್ಕೆ ಒತ್ತಿದ ಹಿಡಿಕೋಲು. ಹಿಡಿಕೋಲು ಸಣ್ಣಗೆ ನಡುಗುತ್ತಿತ್ತು. ಅದು ಯಂತ್ರದ ನಡುಕ ಎಂದು ಅವಳಿಗೆ ತಿಳಿಯಿತು. ಒಂದು ಹಿಡಿ ಹೂ ಎರಚಿದಳು.

ಅಳಿವೆಯ ಬಾಯಿಗೆ ಬಂದಾಗ ದಡದ ಹೆಂಗಸರು ಒಮ್ಮೆಲೇ ಕೈ ತೋರಿಸಿ ಕಿರುಚಿದರು, “ಅಯ್ಯೋ! ಹಿಂದೆ ನೋಡೇ, ಹಿಂದೆ!” ಮಳೆಯ ನೀರು ಹೊಸದಾಗಿ ತಂದು ಹಾಕಿದ ಮರಳ ದಿಬ್ಬ ದೋಣಿಗೆ ಅಡ್ಡ ಬಂದಿತ್ತು. ಇದು ಅವಳಿಗೆ ಹೇಗೆ ಗೊತ್ತಾಗಬೇಕು? ತೋರಿಸುವ ಕೈಗಳನ್ನು ಕಂಡು ಕುತ್ತಿಗೆ ಹೊರಳುವುದರಲ್ಲಿತ್ತು. ಅಷ್ಟರಲ್ಲಿ ಹಗ್ಗ ಜೋತುಬಿತ್ತು. ದೋಣಿ ನಿಧಾನವಾಗಿದೆ, ಎಂದಿತು ಹಗ್ಗ. ಅವಳು ಮಂಡಿ ಬಗ್ಗಿಸಿ ಕಾದಳು. ಹಲಗೆ ಕಣಕಾಲಿನವರೆಗೆ ಮುಳುಗಿತು. ಕಾದಳು. ಹಗ್ಗ ಎಡಕ್ಕೆ ಎಳೆಯಿತು. ಅವಳೂ ಎಡಕ್ಕೆ ವಾಲಿದಳು. ಹಲಗೆ ಮೇಲೆದ್ದಿತು. ದಿಬ್ಬ ಪಕ್ಕದಲ್ಲಿ ಸರಿದುಹೋಗಿ ಅವಳ ಕಣ್ಣ ಮುಂದೆ ಬಂತು. ಆಗಲೇ ಅವಳಿಗೆ ತಿಳಿದದ್ದು, ತಾನು ದಾಟಿದ್ದು ಏನನ್ನು ಎಂದು. ಚೀಲದಲ್ಲಿ ಉಳಿದ ಹೂವನ್ನೆಲ್ಲ ಆ ದಿಬ್ಬದ ಮೇಲೇ ಸುರಿದಳು.

ಸಂಜೆ ದೋಣಿ ಮೀನು ಹೊತ್ತು ಬಂತು. ನೆರೆಮನೆಯವಳು ಬುಟ್ಟಿ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಸೊಸೆ ಅವಳ ಬುಟ್ಟಿ ತುಂಬಿಸಿ ಕೊಟ್ಟಳು. ಆಮೇಲೆ ಒಲೆಯ ಮುಂದೆ ಕೂತಿದ್ದ ಅತ್ತೆಯ ಹತ್ತಿರ ಹೋಗಿ ಮುನಿಸಿನಿಂದ ಕೇಳಿದಳು:

“ನಾನು ಸಾಯುತ್ತೇನೋ ಬದುಕುತ್ತೇನೋ ಎಂದು ಊರೆಲ್ಲ ನೋಡುತ್ತಿತ್ತು. ನೀವೊಬ್ಬರು ಬೆನ್ನು ಹಾಕಿ ಕೂತಿರಲ್ಲ ಅತ್ತೆ, ನಿಮಗೆ ಮನಸ್ಸಾದರೂ ಹೇಗೆ ಬಂತು?”

ಅತ್ತೆ ಕಾವಲಿಯ ಮೇಲಿನ ಮೀನು ಮಗುಚಿ ಹಾಕಿದಳು.

“ನೋಡಿದ್ದರೆ ನನ್ನ ಹುಬ್ಬು ಏರಿಬಿಡುತ್ತಿತ್ತು ಮಾರಾಯ್ತಿ,” ಎಂದಳು.

ಗುರುಮಾತೆ ಕತೆ ನಿಲ್ಲಿಸಿದರು. ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಶಿಷ್ಯೆಗೆ ಬೆನ್ನು ಮಾಡಿ ಕೂತು, ಅವರೆಕಾಯಿ ಸುಲಿಯತೊಡಗಿದರು. ಶಿಷ್ಯೆ ಆ ಬೆನ್ನನ್ನೇ ನೋಡುತ್ತಿದ್ದಳು. ಗುರುಮಾತೆ ತಿರುಗದೆಯೇ ಕೇಳಿದರು:

“ಮಗಳೇ, ಇಷ್ಟು ವರ್ಷ ನೀನು ಹಿಡಿದುಕೊಂಡದ್ದು ಹಗ್ಗವನ್ನೋ, ನನ್ನ ಹುಬ್ಬನ್ನೋ?”

ಶಿಷ್ಯೆ ಎದ್ದು ಬಟ್ಟೆಯ ಗಂಟನ್ನು ಎತ್ತಿಕೊಂಡಳು.