ಸೀರೆ ಸುತ್ತಿದ ರಾಸ್ಪ್‌ಬೆರಿ ಗಿಡ

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತು ಜೋಡಿಸಿ ಬರೆದ ಅಭ್ಯಾಸವೂ ಇಲ್ಲ, ಓದುವವರು ಬೇಸರಿಸಬಾರದು.

ಮಡಿಕೇರಿಯ ಒಂದು ಹಿತ್ತಲಿನಲ್ಲಿ ರಾಸ್ಪ್‌ಬೆರಿ ಗಿಡವೊಂದು ಹೂ ಬಿಟ್ಟಿತು. ಯಾರ ಕಣ್ಣೂ ತಾಗದಿರಲೆಂದು ಮನೆಯೊಡತಿ ದೇಚಮ್ಮ ತನ್ನ ಹಳೆಯ ಸೀರೆಯನ್ನು ಅದರ ಸುತ್ತ ಬಿಗಿದು ಕಟ್ಟಿದಳು. ಹಣ್ಣೇನೋ ಆದವು, ಆದರೆ ಬಿಡಿಸಿದೊಡನೆ ಪುಡಿಪುಡಿಯಾಗಿ ಉದುರಿದವು. “ಮುಂದಿನ ಸಲವೂ ಹೀಗಾದರೆ ಬುಡಸಹಿತ ಕಿತ್ತೆಸೆಯುತ್ತೇನೆ” ಎಂದಳು ಅವಳು.

ಮತ್ತೆ ಹೂ ಬಿಟ್ಟಾಗ ಗಿಡವು ತನ್ನನ್ನು ಸುತ್ತಿದ್ದ ಸೀರೆಯನ್ನು ಬೇಡಿಕೊಂಡಿತು: “ಅಕ್ಕಾ, ಇನ್ನೂ ಬಿಗಿಯಾಗಿ ಸುತ್ತಿಕೊಳ್ಳಿ. ಯಾರದೋ ಕಣ್ಣು ಒಳಗೆ ಬಂದುಬಿಟ್ಟಿದೆ.”

ಹೊರಗಿದ್ದ ಜೇನುನೊಣ ನಕ್ಕಿತು. “ಕಣ್ಣು ಬಂದದ್ದಲ್ಲ ತಾಯಿ, ನಾನು ಬಾರದೇ ಹೋದದ್ದು! ಹೂವಿಗೆ ಪರಾಗ ಮುಟ್ಟಿಸುವವಳು ನಾನು. ಪರಾಗ ಸಾಲದಿದ್ದರೆ ಒಂದಕ್ಕೊಂದು ಅಂಟಿ ಹಣ್ಣಾಗುವ ಪುಟ್ಟ ಮಣಿಗಳು ಅರ್ಧದಷ್ಟೂ ಮೂಡುವುದಿಲ್ಲ. ಮೂಡಿದವು ಯಾರನ್ನು ಹಿಡಿದುಕೊಂಡು ನಿಲ್ಲಬೇಕು?”

ಸೀರೆಗೆ ನಾಚಿಕೆಯಾಯಿತು. “ಹದಿನೆಂಟು ವರ್ಷ ದೇಚಮ್ಮನ ಮೈ ಕಾದವಳು ನಾನು. ಕಾಯುವುದೆಂದರೆ ಮುಚ್ಚುವುದೆಂದೇ ತಿಳಿದಿದ್ದೆ” ಎಂದಿತು. ಗಾಳಿ ಬೀಸಿದಾಗ ಹಳೆಯ ಮಡಿಕೆಯಗುಂಟ ತಾನಾಗಿ ಹರಿದುಕೊಂಡು ಜೇನಿಗೆ ದಾರಿ ಬಿಟ್ಟಿತು.

ಆ ಸಲ ದೇಚಮ್ಮನ ಅಂಗೈಯಲ್ಲಿ ಹಣ್ಣುಗಳು ಇಡಿಯಾಗಿ ನಿಂತವು. ಅವಳು ಅಲ್ಲೇ ನಾಲ್ಕು ತಿಂದು, ಉಳಿದವನ್ನು ಬೇಲಿಯ ಮೇಲಿಂದ ಪಕ್ಕದ ಮನೆಯವರಿಗೆ ಕೊಟ್ಟಳು.

ಬರೆದುದರಲ್ಲಿ ತಪ್ಪಿದ್ದರೆ ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ.